ಎಲ್ಲ ಪಂದ್ಯಗಳನ್ನೂ ಸರಿಯಾಗಿ ಊಹಿಸುವ ಸಾಧ್ಯತೆ ಎಷ್ಟು? ಲೆಕ್ಕ ಹಾಕುವ ಬಗೆ

ಸುಗ್ಗಿ ಮುಗಿದ ಮೇಲೆ ಗಂಗಾವತಿ, ಕಾರಟಗಿ ಸುತ್ತಿನ ಊರುಗಳಲ್ಲಿ ಕಬಡ್ಡಿ ಪಂದ್ಯಾವಳಿಗಳು ನಡೆಯುತ್ತವೆ. ಕೆಲವು ಕಡೆ ಪ್ರೇಕ್ಷಕರಿಗೂ ಬಹುಮಾನ ಇಡುತ್ತಾರೆ: ಆಟ ಶುರುವಾಗುವ ಮುನ್ನ ಪ್ರತಿ ಪಂದ್ಯದ ವಿಜೇತರನ್ನು ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಬೇಕು, ಒಂದೂ ತಪ್ಪದವರಿಗೆ ಬಹುಮಾನ. ಎಂಟು ತಂಡಗಳ ಇಂಥದೊಂದು ಪಂದ್ಯಾವಳಿಯಲ್ಲಿ ‘ಯಾರೂ ಗೆಲ್ಲುವುದಿಲ್ಲ’ ಎಂದು ನಂಬಿ ಸೈಕಲ್ ಇಟ್ಟಿದ್ದ ಸಂಘಟಕರ ಮುಂದೆ, ಫೈನಲ್ ಮುಗಿದಾಗ ನಾಲ್ವರು ಸರಿಯುತ್ತರದ ಚೀಟಿ ಹಿಡಿದು ನಿಂತದ್ದನ್ನು ನಾನು ನೋಡಿದ್ದೇನೆ. ಲೆಕ್ಕವನ್ನು ಮೊದಲೇ ಹಾಕಿದ್ದರೆ ಆ ರಾತ್ರಿಯ ಜಗಳವನ್ನು ತಪ್ಪಿಸಬಹುದಿತ್ತು.

ಮೊದಲ ಹಂತ ಪಂದ್ಯಗಳ ಎಣಿಕೆ. ನಾಕೌಟ್‌ನಲ್ಲಿ ಪ್ರತಿ ಪಂದ್ಯವೂ ಒಂದು ತಂಡವನ್ನು ಮನೆಗೆ ಕಳಿಸುವುದರಿಂದ, ತಂಡಗಳ ಸಂಖ್ಯೆಯಲ್ಲಿ ಒಂದನ್ನು ಕಳೆದರೆ ಸಾಕು. ಯಾರಿಗೆ ಬೈ (ಆಡದೆಯೇ ಮುಂದಿನ ಸುತ್ತಿಗೆ ಹೋಗುವ ಅವಕಾಶ) ಸಿಕ್ಕರೂ ಈ ಲೆಕ್ಕ ಬದಲಾಗುವುದಿಲ್ಲ. ಮೂರನೇ ಸ್ಥಾನಕ್ಕೆ ಪಂದ್ಯವಿದ್ದರೆ ಒಂದನ್ನು ಕೂಡಿಸಿಕೊಳ್ಳಿ.

ಎರಡನೆಯದು, ಎರಡೂ ತಂಡಗಳು ಸರಿಸಮವೆಂದು ಇಟ್ಟುಕೊಂಡು ಹಾಕುವ ಒರಟು ಲೆಕ್ಕ. ಒಂದು ಪಂದ್ಯಕ್ಕೆ ಎರಡು ಉತ್ತರ, ಎರಡಕ್ಕೆ ನಾಲ್ಕು, ಮೂರಕ್ಕೆ ಎಂಟು. ಹೀಗೆ ಪ್ರತಿ ಪಂದ್ಯಕ್ಕೂ ಇಮ್ಮಡಿಸುತ್ತ ಹೋಗಬೇಕು. ಏಳು ಪಂದ್ಯಗಳಿಗೆ 128 ಬಗೆಯ ಚೀಟಿಗಳು ಸಾಧ್ಯ, ಹದಿನೈದಕ್ಕೆ 32,768. ಈ ಏರಿಕೆ ಮನಸ್ಸಿಗೆ ಇಳಿಯಬೇಕಾದರೆ ನಮ್ಮ ಭಾಗದ ಸೋನಾ ಮಸೂರಿಯನ್ನೇ ನೆನೆಯಿರಿ. ಸಾವಿರ ಕಾಳು ಅಕ್ಕಿ ಸುಮಾರು ಹನ್ನೆರಡೂವರೆ ಗ್ರಾಂ ತೂಗುತ್ತದೆ ಎಂದುಕೊಂಡರೆ, 25 ಕಿಲೋ ಚೀಲದಲ್ಲಿ ಇಪ್ಪತ್ತು ಲಕ್ಷದಷ್ಟು ಕಾಳುಗಳಿರುತ್ತವೆ. ಇಪ್ಪತ್ತೊಂದು ಪಂದ್ಯಗಳನ್ನು ಕಣ್ಣುಮುಚ್ಚಿ ಊಹಿಸುವುದೆಂದರೆ, ಆ ಚೀಲದಲ್ಲಿ ಗುರುತು ಮಾಡಿಟ್ಟ ಒಂದೇ ಕಾಳಿಗೆ ಮೊದಲ ಸಲವೇ ಬೆರಳಿಡುವುದು. ಮೂವತ್ತೊಂದು ಪಂದ್ಯಗಳಾದರೆ ಚೀಲಗಳು 1,024. ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿಯ 63 ಪಂದ್ಯಗಳಿಗೆ 92 ಸಾವಿರ ಕೋಟಿ ಕೋಟಿ ಬಗೆಯ ಪಟ್ಟಿಗಳಿವೆ. ಅಷ್ಟು ಕಾಳು ಅಕ್ಕಿಯನ್ನು ಬೆಳೆಯಲು ಇಡೀ ಜಗತ್ತಿಗೆ ಈಗಿನ ಇಳುವರಿಯಲ್ಲಿ ಇನ್ನೂರು ವರ್ಷಗಳಾದರೂ ಬೇಕು. 2014ರಲ್ಲಿ ಆ 63 ಪಂದ್ಯಗಳನ್ನೂ ಸರಿಯಾಗಿ ಊಹಿಸಿದವರಿಗೆ ನೂರು ಕೋಟಿ ಡಾಲರ್ ಕೊಡುವ ಸ್ಪರ್ಧೆಗೆ ಅಲ್ಲಿನ ಆಗರ್ಭ ಶ್ರೀಮಂತ ಹೂಡಿಕೆದಾರ ವಾರೆನ್ ಬಫೆಟ್ ಬೆನ್ನಿಗೆ ನಿಂತದ್ದು ಈ ಲೆಕ್ಕ ಗೊತ್ತಿದ್ದೇ. ಆ ಹಣ ಯಾರಿಗೂ ಸಿಗಲಿಲ್ಲ. 2019ರಲ್ಲಿ ಒಬ್ಬರ ಪಟ್ಟಿ ಮೊದಲ 49 ಪಂದ್ಯಗಳವರೆಗೆ ತಪ್ಪಿಲ್ಲದೆ ಸಾಗಿ ಐವತ್ತನೆಯದರಲ್ಲಿ ಮುರಿಯಿತು.

ಜನರು ಎಡವುವುದು ಮೂರನೇ ಹಂತದಲ್ಲಿ. ತಂಡಗಳು ಎಂದೂ ಸರಿಸಮವಲ್ಲ. ಆದ್ದರಿಂದ ನೀವು ಆರಿಸಿದ ತಂಡ ಗೆಲ್ಲುವ ಸಾಧ್ಯತೆಯನ್ನು ಪ್ರತಿ ಪಂದ್ಯಕ್ಕೂ ಬೇರೆಬೇರೆಯಾಗಿ ಶೇಕಡಾವಾರು ಬರೆಯಬೇಕು. ಎಂಟು ತಂಡಗಳ ಪಂದ್ಯಾವಳಿಯಲ್ಲಿ ಮೊದಲ ಸುತ್ತಿನ ನಾಲ್ಕಕ್ಕೆ 90, 80, 60, 50, ಸೆಮಿಫೈನಲ್‌ಗಳಿಗೆ 70 ಮತ್ತು 60, ಫೈನಲ್‌ಗೆ 55 ಎಂದು ಬರೆದಿರಿ ಎನ್ನೋಣ. ಇಲ್ಲಿ ಹೆಚ್ಚಿನವರು ಏಳನ್ನೂ ಕೂಡಿಸಿ ಸರಾಸರಿ ತೆಗೆದು ‘ನನ್ನ ಚೀಟಿ ಗೆಲ್ಲುವ ಸಾಧ್ಯತೆ ಶೇ 66’ ಎಂದು ಸಮಾಧಾನಪಡುತ್ತಾರೆ. ಅದು ಶುದ್ಧ ತಪ್ಪು. ಎಲ್ಲವೂ ಒಟ್ಟಿಗೆ ನಡೆಯಬೇಕಾದಾಗ ಗುಣಿಸಬೇಕೇ ಹೊರತು ಕೂಡಿಸಬಾರದು. ಫೋನಿನ ಕ್ಯಾಲ್ಕ್ಯುಲೇಟರ್‌ನಲ್ಲಿ 0.9 ಒತ್ತಿ 0.8ರಿಂದ ಗುಣಿಸಿದರೆ 0.72, 0.6ರಿಂದ ಗುಣಿಸಿದರೆ 0.432, 0.5ರಿಂದ 0.216. ಮೊದಲ ಸುತ್ತು ಮುಗಿಯುವ ಹೊತ್ತಿಗೇ ಐದರಲ್ಲಿ ಒಂದಕ್ಕೆ ಇಳಿದಿರಿ. 0.7ರಿಂದ 0.1512, 0.6ರಿಂದ 0.0907, ಕೊನೆಗೆ 0.55ರಿಂದ 0.0499. ಅಂದರೆ ಶೇ 5, ಇಪ್ಪತ್ತರಲ್ಲಿ ಒಂದು. ಕಣ್ಣುಮುಚ್ಚಿ ಬರೆದ ಚೀಟಿಯ 128ರಲ್ಲಿ ಒಂದಕ್ಕಿಂತ ಇದು ಎಷ್ಟೋ ಮೇಲು, ಶೇ 66ಕ್ಕೆ ಮಾತ್ರ ಹತ್ತಿರವೂ ಇಲ್ಲ.

ಸೆಮಿಫೈನಲ್‌ಗೆ ಯಾರು ಬರುತ್ತಾರೆಂದೇ ತಿಳಿಯದೆ ಶೇಕಡಾ ಬರೆಯುವುದು ಹೇಗೆ ಎಂದು ಕೇಳುವವರಿದ್ದಾರೆ. ನಿಮ್ಮ ಚೀಟಿಯಲ್ಲಿ ಗೆದ್ದಿರುವ ಎರಡು ತಂಡಗಳೇ ಎದುರಾದವು ಎಂದುಕೊಂಡು ಬರೆಯಿರಿ. ಬೇರೆ ತಂಡ ಬಂದಿದ್ದರೆ ಚೀಟಿ ಆಗಲೇ ಸೋತಿರುತ್ತದೆ. ಹಾಗೆಯೇ ದುರ್ಬಲ ತಂಡವೊಂದರ ಅಚ್ಚರಿಯ ಗೆಲುವನ್ನು ಸೇರಿಸುವ ಆಸೆಯನ್ನು ಬಿಡಿ. ಅಚ್ಚರಿಗಳು ಖಂಡಿತ ನಡೆಯುತ್ತವೆ: 2023ರ ಏಕದಿನ ವಿಶ್ವಕಪ್‌ನಲ್ಲಿ ಅಕ್ಟೋಬರ್ 15ರಂದು ದೆಹಲಿಯಲ್ಲಿ ಅಫ್ಗಾನಿಸ್ತಾನ ಇಂಗ್ಲೆಂಡನ್ನು ಸೋಲಿಸಿತು, ಎರಡೇ ದಿನಗಳಲ್ಲಿ ಧರ್ಮಶಾಲಾದಲ್ಲಿ ನೆದರ್ಲೆಂಡ್ಸ್ ದಕ್ಷಿಣ ಆಫ್ರಿಕಾವನ್ನು ಸೋಲಿಸಿತು. ಆದರೆ ಅಚ್ಚರಿ ಯಾವ ಪಂದ್ಯದಲ್ಲಿ ಎಂಬುದನ್ನು ಮೊದಲೇ ಹೇಳಬೇಕಲ್ಲ! ಮೇಲಿನ ಚೀಟಿಯಲ್ಲಿ ಶೇ 90ರ ತಂಡವನ್ನು ಬಿಟ್ಟು ಅದರ ಎದುರಾಳಿಯನ್ನು ಬರೆದರೆ, ಉಳಿದದ್ದೆಲ್ಲ ಹಾಗೆಯೇ ಇದ್ದರೂ ಸಾಧ್ಯತೆ ಒಂಬತ್ತು ಪಟ್ಟು ಕುಸಿದು ನೂರ ಎಂಬತ್ತರಲ್ಲಿ ಒಂದಾಗುತ್ತದೆ.

ಅಭಿಮಾನವನ್ನೂ ಶೇಕಡಾದೊಳಗೆ ಬೆರೆಸಬೇಡಿ. ‘ಈ ಸಲ ಕಪ್ ನಮ್ದೇ’ ಎಂದು ನಾವೆಲ್ಲ ವರ್ಷವರ್ಷವೂ ಕೂಗಿದ್ದೇವೆ, ಆರ್‌ಸಿಬಿಗೆ ಅದು ನಿಜವಾದದ್ದು 2025ರಲ್ಲಿ, ಐಪಿಎಲ್‌ನ ಹದಿನೆಂಟನೇ ಆವೃತ್ತಿಯಲ್ಲಿ. ಅದೂ ಚಾಂಪಿಯನ್ ಯಾರೆಂಬ ಒಂದೇ ಪ್ರಶ್ನೆಯ ಉತ್ತರ. ಅದೇ ಆವೃತ್ತಿಗೆ ನಿಗದಿಯಾಗಿದ್ದ 74 ಪಂದ್ಯಗಳನ್ನೂ ಊಹಿಸುವ ಮಾತು ಬೇರೆಯೇ. ಅಲ್ಲಿ ಮಳೆಯಿಂದ ಪಂದ್ಯ ರದ್ದಾಗುವ ಮೂರನೆಯ ಉತ್ತರವೂ ಇದೆ. ಫುಟ್‌ಬಾಲ್‌ನ ಗುಂಪು ಹಂತದಲ್ಲಿ ಡ್ರಾ ಇರುವುದರಿಂದ ಎರಡರ ಬದಲು ಮೂರರಿಂದ ಗುಣಿಸಬೇಕು.

‘ಹತ್ತಕ್ಕೆ ಹತ್ತು ಸರಿ’ ಎಂದು ಮೊಬೈಲ್‌ನಲ್ಲಿ ಭವಿಷ್ಯ ಮಾರುವವರ ಬಗ್ಗೆ ಇಲ್ಲಿಯೇ ಎಚ್ಚರಿಸುತ್ತೇನೆ. ಈ ಮೋಸಕ್ಕೆ ಆಟದ ಜ್ಞಾನವೇ ಬೇಕಿಲ್ಲ. 1,024 ಜನರಲ್ಲಿ ಅರ್ಧದಷ್ಟು ಜನರಿಗೆ ಒಂದು ತಂಡ, ಉಳಿದವರಿಗೆ ಇನ್ನೊಂದು ಗೆಲ್ಲುತ್ತದೆಂದು ಸಂದೇಶ ಕಳಿಸುತ್ತಾರೆ. ಸರಿಯುತ್ತರ ತಲುಪಿದ 512 ಜನರನ್ನು ಮರುದಿನ ಮತ್ತೆ ಇಬ್ಭಾಗ ಮಾಡುತ್ತಾರೆ. ಹತ್ತನೇ ಪಂದ್ಯದ ಹೊತ್ತಿಗೆ ಹತ್ತೂ ಸರಿಯಾದದ್ದನ್ನು ಕಣ್ಣಾರೆ ಕಂಡ ಒಬ್ಬ ಉಳಿಯುತ್ತಾನೆ, ಹಣ ಕಳಿಸುವವನು ಅವನೇ. ನಮ್ಮ ಓಣಿಯ ಹುಡುಗನೊಬ್ಬ ಹೀಗೆಯೇ ಎರಡು ತಿಂಗಳ ಸಂಬಳ ಕಳೆದುಕೊಂಡ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದೆ. ಊರಿನ ಚೀಟಿಗೂ ಒಂದು ರೂಪಾಯಿ ಶುಲ್ಕ ತೆಗೆದುಕೊಳ್ಳಬೇಡಿ.

ಕೊನೆಯ ಲೆಕ್ಕ ಸಂಘಟಕರದು. ಇಪ್ಪತ್ತರಲ್ಲಿ ಒಂದು ಸಾಧ್ಯತೆಯ ನಲವತ್ತು ಚೀಟಿಗಳು ಒಂದರ ಹಂಗು ಒಂದಕ್ಕಿಲ್ಲದೆ ಬಂದರೆ, ಒಬ್ಬರಾದರೂ ಗೆಲ್ಲುವ ಸಾಧ್ಯತೆ ಶೇ 87. ಆದರೆ ಊರಿನವರೆಲ್ಲ ಬಲಿಷ್ಠ ತಂಡಗಳನ್ನೇ ಬರೆಯುವುದರಿಂದ ಚೀಟಿಗಳು ಒಂದೇ ತರಹ ಇರುತ್ತವೆ. ಗೆದ್ದರೆ ಗುಂಪಾಗಿ ಗೆಲ್ಲುತ್ತಾರೆ, ಇಲ್ಲವಾದರೆ ಯಾರೂ ಇಲ್ಲ. ಸೈಕಲ್‌ಗೆ ನಾಲ್ವರು ಬಂದದ್ದು ಹೀಗೆ. ಆದ್ದರಿಂದ ಎಲ್ಲವೂ ಸರಿಯಿರಬೇಕೆಂಬ ಷರತ್ತನ್ನು ಕೈಬಿಟ್ಟು ಅತಿ ಹೆಚ್ಚು ಸರಿಯಿದ್ದವರಿಗೆ ಬಹುಮಾನ ಕೊಡಿ, ಸಮವಾದರೆ ಫೈನಲ್‌ನ ಅಂಕಗಳ ಅಂತರವನ್ನು ಹತ್ತಿರದಿಂದ ಊಹಿಸಿದವರನ್ನು ಆರಿಸಿ. ಆ ಅಂತರ ಬರೆಯಲು ಚೀಟಿಯ ಕೆಳಗೆ ಒಂದು ಸಾಲು ಬಿಡಿ, ಮೊದಲ ರೈಡ್‌ಗೆ ಮುನ್ನ ಡಬ್ಬಿಯ ಬಾಯಿಗೆ ಕಾಗದ ಅಂಟಿಸಿ ಅದರ ಮೇಲೆ ಊರಿನ ಇಬ್ಬರು ಹಿರಿಯರ ಸಹಿ ಹಾಕಿಸಿ.