ಕಡ್ಡಾಯ ನೋಂದಣಿಯ ಕರಡು ಬಂದರೆ: ಓದುವುದು ಹೇಗೆ, ಆಕ್ಷೇಪಣೆ ಬರೆಯುವುದು ಹೇಗೆ

ಎಂಜಿನಿಯರುಗಳಿಗೂ ಕಂಪ್ಯೂಟರ್ ಕೆಲಸದವರಿಗೂ ವಕೀಲರ ಹಾಗೆ, ಡಾಕ್ಟರುಗಳ ಹಾಗೆ ನೋಂದಣಿ ಕಡ್ಡಾಯ ಮಾಡಬೇಕು ಎಂಬ ಮಾತು ಆಗಾಗ ಏಳುತ್ತದೆ. ಬೇಕು ಅನ್ನುವವರು ಕುಸಿದ ಕಟ್ಟಡ ತೋರಿಸುತ್ತಾರೆ, ಬೇಡ ಅನ್ನುವವರು ಲೈಸೆನ್ಸ್ ರಾಜ್ ಅನ್ನುತ್ತಾರೆ. ಕಾಯ್ದೆಯ ಕರಡು ಓದಿದವರು ಎರಡೂ ಕಡೆ ಕಡಿಮೆ. ತುಮಕೂರಿನಲ್ಲಿ ಡಿಪ್ಲೊಮಾ ಮುಗಿಸಿ ಸೈಟ್ ನೋಡಿಕೊಳ್ಳುವವರು, ನರಸಾಪುರದ ಕಾರ್ಖಾನೆಯಲ್ಲಿ ಮೆಂಟೆನೆನ್ಸ್‌ನಲ್ಲಿರುವವರು, ಗೌರಿಬಿದನೂರಿನಲ್ಲಿ ಕೂತು ಸಾಫ್ಟ್‌ವೇರ್ ಬರೆಯುವವರು ಇಂಥ ಕರಡನ್ನು ಕೈಗೆತ್ತಿಕೊಂಡಾಗ ಏನು ನೋಡಬೇಕು ಎಂಬುದು ಇಲ್ಲಿದೆ.

ಮೊದಲು ಒಂದು ಗೊಂದಲ ಕಳೆದುಕೊಳ್ಳಿ. ವೃತ್ತಿ ತೆರಿಗೆಯ ದಾಖಲಾತಿ, ಉದ್ಯಮ್ ನೋಂದಣಿ, ಜಿಎಸ್‌ಟಿ ನಂಬರು ಇವು ಯಾವುವೂ ವೃತ್ತಿಪರ ನೋಂದಣಿಯಲ್ಲ. ವೃತ್ತಿ ತೆರಿಗೆ ಬರೀ ತೆರಿಗೆ. ಸಂವಿಧಾನದ 276ನೇ ವಿಧಿ ಅದಕ್ಕೆ ವರ್ಷಕ್ಕೆ 2,500 ರೂಪಾಯಿಯ ಮಿತಿ ಇಟ್ಟಿದೆ. ನಿಮಗೆ ಕೆಲಸ ಗೊತ್ತೋ ಇಲ್ಲವೋ ಎಂದು ಅದು ಕೇಳುವುದಿಲ್ಲ.

ಬೀಗ ಬೀಳುವುದು ಯಾವುದಕ್ಕೆ?

ನೋಂದಣಿ ಕಾಯ್ದೆ ಮೂರರಲ್ಲಿ ಒಂದಕ್ಕೆ ಬೀಗ ಹಾಕುತ್ತದೆ: ಹೆಸರಿಗೆ, ಸಹಿಗೆ, ಇಲ್ಲವೇ ಕೆಲಸಕ್ಕೇ. ಕರಡಿನಲ್ಲಿ ಮೊದಲು ಓದಬೇಕಾದ್ದು ಪೀಠಿಕೆಯನ್ನಲ್ಲ. ‘ವ್ಯಾಖ್ಯೆಗಳು’, ಆಮೇಲೆ ‘ನಿಷೇಧ’ ಅಥವಾ ‘ದಂಡನೆ’ ಎಂಬ ಪ್ರಕರಣ (ಸೆಕ್ಷನ್), ಈ ಎರಡನ್ನು ಅಕ್ಕಪಕ್ಕ ಇಟ್ಟುಕೊಂಡು ಓದಿ. ಬೀಗ ಎಲ್ಲಿದೆ ಎಂಬುದು ಆಗ ಗೊತ್ತಾಗುತ್ತದೆ.

ಹೆಸರಿಗೆ ಬೀಗ ಅಂದರೆ ಏನು ಎಂಬುದಕ್ಕೆ 1972ರ ವಾಸ್ತುಶಿಲ್ಪಿಗಳ ಕಾಯ್ದೆ ಒಳ್ಳೆಯ ಮಾದರಿ. ಅದರ 37ನೇ ಪ್ರಕರಣದ ಪ್ರಕಾರ ನೋಂದಣಿ ಇಲ್ಲದವರು ‘ಆರ್ಕಿಟೆಕ್ಟ್’ ಎಂದು ಕರೆದುಕೊಳ್ಳುವಂತಿಲ್ಲ. ಆದರೆ ಅದು ನಿಷೇಧಿಸುವುದು ಹೆಸರನ್ನು, ವಿನ್ಯಾಸದ ಕೆಲಸವನ್ನಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಮಾರ್ಚ್‌ನಲ್ಲಿ ಸ್ಪಷ್ಟಪಡಿಸಿತು. ಸಹಿಗೆ ಬೀಗ ಹಾಕಿರುವುದನ್ನು ಮನೆ ಕಟ್ಟಿದವರೆಲ್ಲ ನೋಡಿದ್ದಾರೆ: ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಕಂಟ್ರಾಕ್ಟರ್ ಸಹಿ ಇಲ್ಲದೆ ಬೆಸ್ಕಾಂ ಕನೆಕ್ಷನ್ ಕೊಡುವುದಿಲ್ಲ. ಕೆಲಸಕ್ಕೇ ಬೀಗ ಅಂದರೆ ವಕೀಲಿಕೆ, ವೈದ್ಯಕೀಯ.

ನಮ್ಮ ಅಭಿಪ್ರಾಯ ಹೀಗಿದೆ. ತಪ್ಪಾದರೆ ಜೀವ ಹೋಗುವ ಕಡೆ ಸಹಿಗೆ ಬೀಗ ನ್ಯಾಯ. ಹೆಸರಿಗೆ ಬೀಗವನ್ನು ಸಹಿಸಿಕೊಳ್ಳಬಹುದು. ಕಂಪ್ಯೂಟರ್ ಕೆಲಸಕ್ಕೇ ಬೀಗ ಹಾಕಿದರೆ ಆ ಬೀಗ ನಿಲ್ಲುವುದೂ ಇಲ್ಲ, ನ್ಯಾಯವೂ ಅಲ್ಲ.

ಕರಡಿನಲ್ಲಿ ಹೀಗೊಂದು ಸಾಲು ಬಂತು ಅಂದುಕೊಳ್ಳಿ: ‘ಯಾವುದೇ ವ್ಯಕ್ತಿಯು ನೋಂದಣಿ ಹೊಂದದೆ ಪ್ರತಿಫಲಕ್ಕಾಗಿ ಗಣಕ ಸಂಬಂಧಿ ಸೇವೆಯನ್ನು ಒದಗಿಸತಕ್ಕದ್ದಲ್ಲ.’ ಮೇಲ್ನೋಟಕ್ಕೆ ತಕರಾರಿಲ್ಲ. ಆದರೆ ‘ಗಣಕ ಸಂಬಂಧಿ ಸೇವೆ’ಯೊಳಗೆ ಸಿರಾದಲ್ಲಿ ಲ್ಯಾಪ್‌ಟಾಪ್‌ಗೆ ವಿಂಡೋಸ್ ಹಾಕಿಕೊಡುವ ಹುಡುಗನೂ ಬರುತ್ತಾನೆ, ರೇಷ್ಮೆ ವ್ಯಾಪಾರಿಗೆ ಎಕ್ಸೆಲ್ ಶೀಟ್ ಮಾಡಿಕೊಡುವವಳೂ ಬರುತ್ತಾಳೆ. ಆಕ್ಷೇಪಣೆಯಲ್ಲಿ ‘ಇದು ಅನ್ಯಾಯ’ ಎಂದಷ್ಟೇ ಬರೆದರೆ ಸಾಲದು. ಬದಲಿ ಸಾಲನ್ನು ನೀವೇ ಕೊಡಿ: ‘ಅನುಸೂಚಿಯಲ್ಲಿ ಹೆಸರಿಸಿದ, ಜೀವಸುರಕ್ಷತೆಗೆ ನೇರ ಸಂಬಂಧವಿರುವ ವ್ಯವಸ್ಥೆಗಳ ವಿನ್ಯಾಸವನ್ನು ಪ್ರಮಾಣೀಕರಿಸಿ ಸಹಿ ಮಾಡುವ ವ್ಯಕ್ತಿಯು ನೋಂದಣಿ ಹೊಂದಿರತಕ್ಕದ್ದು.’ ಕಡತ ನೋಡುವ ಅಧಿಕಾರಿಗೆ ಸಿದ್ಧ ಸಾಲು ಸಿಕ್ಕರೆ ಅದು ಟಿಪ್ಪಣಿಗೆ ಹೋಗುವ ಸಾಧ್ಯತೆ ಹೆಚ್ಚು.

ಸಂವಿಧಾನದ ಆಧಾರವನ್ನೂ ಸರಿಯಾಗಿ ಹಾಕಿ. 19(1)(ಜಿ) ವೃತ್ತಿ ಮಾಡುವ ಹಕ್ಕು ಕೊಡುತ್ತದೆ ಎಂದಷ್ಟೇ ಬರೆದು ನಿಲ್ಲಿಸುವವರೇ ಹೆಚ್ಚು. 19(6) ವೃತ್ತಿಗೆ ತಾಂತ್ರಿಕ ಅರ್ಹತೆ ನಿಗದಿಪಡಿಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿದೆ. ಹಾಗಾಗಿ ‘ಅಧಿಕಾರವೇ ಇಲ್ಲ’ ಎಂಬ ವಾದ ನಿಲ್ಲುವುದಿಲ್ಲ. ‘ಉದ್ದೇಶಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಜನರನ್ನು ಹಿಡಿಯುತ್ತದೆ’ ಎಂಬ ವಾದಕ್ಕೆ ಬಲ ಇದೆ.

ಹೆಸರಿನ ಬೀಗವೂ ಕೆಲವೊಮ್ಮೆ ಅತಿಗೆ ಹೋಗುತ್ತದೆ. ಅಮೆರಿಕದ ಒರೆಗಾನ್‌ನಲ್ಲಿ ಟ್ರಾಫಿಕ್ ಸಿಗ್ನಲ್ಲಿನ ಹಳದಿ ದೀಪದ ಲೆಕ್ಕ ತಪ್ಪಿದೆ ಎಂದು ಪತ್ರ ಬರೆದ ಮ್ಯಾಟ್ಸ್ ಯಾರ್ಲ್‌ಸ್ಟ್ರೋಮ್ ಎಂಬವರಿಗೆ, ಲೈಸೆನ್ಸ್ ಇಲ್ಲದೆ ಎಂಜಿನಿಯರ್ ಎಂದು ಹೇಳಿಕೊಂಡಿದ್ದಕ್ಕೆ ಅಲ್ಲಿನ ಮಂಡಳಿ 500 ಡಾಲರ್ ದಂಡ ಹಾಕಿತ್ತು. 2018ರಲ್ಲಿ ಕೋರ್ಟು ಅವರ ಪರ ನಿಂತಿತು. ಕೆನಡಾದ ಆಲ್ಬರ್ಟಾ ಪ್ರಾಂತ್ಯ 2023ರಲ್ಲಿ ಕಾನೂನು ಬದಲಿಸಿ ‘ಸಾಫ್ಟ್‌ವೇರ್ ಎಂಜಿನಿಯರ್’ ಎಂಬ ಹೆಸರನ್ನು ಬೀಗದಿಂದ ಹೊರಗಿಟ್ಟಿತು. ಅಮೆರಿಕದಲ್ಲಿ ಸಾಫ್ಟ್‌ವೇರ್ ಎಂಜಿನಿಯರಿಂಗ್ ಲೈಸೆನ್ಸಿಗೆಂದು 2013ರಲ್ಲಿ ಶುರುವಾದ ಪರೀಕ್ಷೆ, ಬರೆಯುವವರು ತೀರಾ ಕಡಿಮೆ ಇದ್ದದ್ದರಿಂದ 2019ರಲ್ಲಿ ನಿಂತುಹೋಯಿತು. ಇದಕ್ಕೆ ಉಲ್ಟಾ, ನೈಜೀರಿಯಾದಲ್ಲಿ 1993ರಿಂದ ಕಂಪ್ಯೂಟರ್ ವೃತ್ತಿಪರರಿಗೆ ಶಾಸನಬದ್ಧ ಮಂಡಳಿಯೇ ಇದೆ. ಇವುಗಳಲ್ಲಿ ಒಂದೆರಡನ್ನು ಹಾಕಿದರೆ ಸಾಕು, ಪಟ್ಟಿ ಉದ್ದವಾದರೆ ಯಾರೂ ಓದುವುದಿಲ್ಲ.

ಬಾಡಿಗೆ ಸಹಿ

ಕಡ್ಡಾಯ ನೋಂದಣಿ ಕೆಡುವುದು ಹೆಚ್ಚಾಗಿ ಇಲ್ಲೇ. ಲೈಸೆನ್ಸ್ ಒಬ್ಬರದು, ಕೆಲಸ ಇನ್ನೊಬ್ಬರದು. ಪ್ಲಾನ್ ಮೇಲೆ ಸಹಿ ಹಾಕಿದ ಎಂಜಿನಿಯರ್ ಪಾಯದ ಗುಂಡಿಯನ್ನೇ ನೋಡಿರುವುದಿಲ್ಲ, ಸೈಟಿನಲ್ಲಿ ಎಲ್ಲವನ್ನೂ ತೀರ್ಮಾನಿಸುವವರು ಮೇಸ್ತ್ರಿ. ಹಣ ಸಹಿಗೆ ಹೋಗುತ್ತದೆ, ಅಪಾಯ ಕೆಲಸದವನಿಗೆ ಉಳಿಯುತ್ತದೆ. ಕರಡು ಇದನ್ನು ತಡೆಯುತ್ತದೆಯೇ ಎಂದು ಹುಡುಕಿ: ಸಹಿ ಮಾಡುವವರು ಕೆಲಸದ ಯಾವ ಹಂತಗಳಲ್ಲಿ ಸ್ಥಳದಲ್ಲಿರಬೇಕು, ಯಾವ ದಾಖಲೆ ಇಡಬೇಕು, ಏಕಕಾಲಕ್ಕೆ ಎಷ್ಟು ಕೆಲಸಗಳಿಗೆ ಸಹಿ ಮಾಡಬಹುದು. ಈ ಮೂರೂ ಇಲ್ಲದಿದ್ದರೆ ಆ ಕರಡು ಸುರಕ್ಷತೆಯ ಹೆಸರಿನಲ್ಲಿ ಸಹಿಯ ಅಂಗಡಿ ತೆರೆಯುತ್ತದೆ.

ಖರ್ಚಿನ ಲೆಕ್ಕ

ಶುಲ್ಕ ಎಷ್ಟು ಎಂದು ನೋಡಿ ಬಿಟ್ಟುಬಿಡಬೇಡಿ. ಉದಾಹರಣೆಗೆ ಇಟ್ಟುಕೊಳ್ಳೋಣ: ವಾರ್ಷಿಕ ನವೀಕರಣ 1,000 ರೂಪಾಯಿ, ಬೆಂಗಳೂರಿನಲ್ಲಿ ಎರಡು ದಿನ ಕಡ್ಡಾಯ ತರಬೇತಿಗೆ ದಿನಕ್ಕೆ 2,500. ಚಿಂತಾಮಣಿಯಲ್ಲಿ ತಿಂಗಳಿಗೆ 18,000 ದುಡಿಯುವವರಿಗೆ ಎರಡು ದಿನದ ದುಡಿಮೆ 1,200 ಹೋಯಿತು, ಬಸ್ಸು ಮತ್ತು ಊಟಕ್ಕೆ ದಿನಕ್ಕೆ 300. ಒಟ್ಟು 7,800. ಒಂದು ತಿಂಗಳ ಸಂಬಳದ ಶೇ 43. ಬೆಂಗಳೂರಿನಲ್ಲಿ ಒಂದೂವರೆ ಲಕ್ಷ ಸಂಬಳದವರಿಗೆ ನವೀಕರಣ, ತರಬೇತಿ ಸೇರಿ 6,000. ತಿಂಗಳ ಸಂಬಳದ ಶೇ 4. ಅದನ್ನೂ ಬಹುಶಃ ಕಂಪನಿಯೇ ಕಟ್ಟುತ್ತದೆ. ಕರಡಿನ ಅಂಕಿಗಳನ್ನು ಹಾಕಿ ಇದೇ ಲೆಕ್ಕವನ್ನು ಆಕ್ಷೇಪಣೆಗೆ ಸೇರಿಸಿ. ಪರಿಹಾರವನ್ನೂ ಕೇಳಿ: ಜಿಲ್ಲಾ ಕೇಂದ್ರದಲ್ಲೇ ಪರೀಕ್ಷೆ ಮತ್ತು ತರಬೇತಿ, ಕನ್ನಡದಲ್ಲಿ ಪ್ರಶ್ನೆಪತ್ರಿಕೆ, ಆದಾಯಕ್ಕೆ ತಕ್ಕ ಶುಲ್ಕ.

ನೋಂದಣಿ ಕೊಡುವ ಮಂಡಳಿಯಲ್ಲಿ ಯಾರಿದ್ದಾರೆ, ಡಿಪ್ಲೊಮಾದವರಿಗೆ ಜಾಗ ಇದೆಯೇ, ಮೇಲ್ಮನವಿ ಅದೇ ಮಂಡಳಿಗೆ ಹೋಗುತ್ತದೆಯೇ ಎಂಬುದನ್ನೂ ನೋಡಿ. ಆದೇಶ ಕೊಟ್ಟವರ ಮುಂದೆಯೇ ಮೇಲ್ಮನವಿ ಅಂದರೆ ಮೇಲ್ಮನವಿ ಇಲ್ಲ ಎಂದೇ ಅರ್ಥ.

ಸಲ್ಲಿಸುವುದು

ಕೇಂದ್ರದ ಕರಡು ವಿಧೇಯಕವಾದರೆ 2014ರ ಶಾಸನಪೂರ್ವ ಸಮಾಲೋಚನಾ ನೀತಿಯಂತೆ ಕನಿಷ್ಠ 30 ದಿನ ಸಾರ್ವಜನಿಕರ ಮುಂದಿಡಬೇಕು. ರಾಜ್ಯದ ಕರಡು ನಿಯಮವಾದರೆ ಅವಧಿ ರಾಜ್ಯಪತ್ರದ ಅಧಿಸೂಚನೆಯಲ್ಲೇ ಇರುತ್ತದೆ. ಎಣಿಕೆ ಶುರುವಾಗುವುದು ರಾಜ್ಯಪತ್ರದ ದಿನದಿಂದ, ಪೇಪರಿನಲ್ಲಿ ಸುದ್ದಿ ಬಂದ ದಿನದಿಂದ ಅಲ್ಲ. ಎಷ್ಟೋ ಆಕ್ಷೇಪಣೆಗಳು ತಡವಾಗುವುದು ಈ ಕಾರಣಕ್ಕೇ. ಡಿಸಿ ಕಚೇರಿಯ ಟಪಾಲಿನಲ್ಲಿ ಕೊಟ್ಟು ಮೊಹರು ಹಾಕಿಸಿಕೊಂಡರೆ ಸಮಾಧಾನ ಸಿಗಬಹುದು, ಆದರೆ ಅಧಿಸೂಚನೆಯಲ್ಲಿರುವ ವಿಳಾಸಕ್ಕೆ ಅದು ತಲುಪದಿದ್ದರೆ ಲೆಕ್ಕಕ್ಕಿಲ್ಲ. ಸ್ಪೀಡ್ ಪೋಸ್ಟ್ ಮಾಡಿ, ಇಮೇಲ್ ಕೊಟ್ಟಿದ್ದರೆ ಅದಕ್ಕೂ ಕಳಿಸಿ. ಒಂದೊಂದು ಪ್ರಕರಣಕ್ಕೆ ಒಂದೊಂದು ಪ್ಯಾರಾ: ಪ್ರಕರಣದ ಸಂಖ್ಯೆ, ತೊಂದರೆ, ಬದಲಿ ಸಾಲು. ಎರಡು ಪುಟ ಮೀರಬಾರದು.

ಕರಡಿನ ಹಿಂದಿನ ಕಡತ ಬೇಕಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಕರ್ನಾಟಕದ ಇಲಾಖೆಗಳಿಗೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿ, 10 ರೂಪಾಯಿ ಶುಲ್ಕ. ‘ಯಾಕೆ ಮಾಡಿದಿರಿ’ ಎಂದು ಕೇಳಬೇಡಿ, ‘ಟಿಪ್ಪಣಿ ಹಾಳೆಗಳ ಪ್ರತಿ ಕೊಡಿ’ ಎಂದು ಕೇಳಿ. ಉತ್ತರಕ್ಕೂ 30 ದಿನ ಇರುವುದರಿಂದ ಅದನ್ನು ಕಾಯುತ್ತ ಆಕ್ಷೇಪಣೆಯ ಗಡುವು ಕಳೆದುಕೊಳ್ಳಬೇಡಿ.

ಈಗಾಗಲೇ ಕೆಲಸದಲ್ಲಿರುವವರು

ಇವರಿಗೆ ಪರಿವರ್ತನಾ ಪ್ರಕರಣವೇ ಜೀವಾಳ, ಅಂದರೆ ಈಗಾಗಲೇ ಕೆಲಸದಲ್ಲಿರುವವರನ್ನು ಹೊಸ ಕಾಯ್ದೆಯೊಳಗೆ ಹೇಗೆ ಸೇರಿಸಿಕೊಳ್ಳುತ್ತಾರೆ ಎಂದು ಹೇಳುವ ಪ್ರಕರಣ. ವಾಸ್ತುಶಿಲ್ಪಿಗಳ ಕಾಯ್ದೆ ಮೊದಲ ಪಟ್ಟಿ ಮಾಡುವಾಗ, ನಿಗದಿತ ಅರ್ಹತೆ ಇಲ್ಲದಿದ್ದರೂ ಕನಿಷ್ಠ 5 ವರ್ಷ ವೃತ್ತಿಯಲ್ಲಿದ್ದವರನ್ನು ಸೇರಿಸಿಕೊಂಡಿತ್ತು. ಅದನ್ನೇ ಪೂರ್ವನಿದರ್ಶನವಾಗಿ ಹಾಕಿ. ಆದರೆ ಅನುಭವ ಇದೆ ಅನ್ನಲು ಕಾಗದ ಬೇಕು, ಸಣ್ಣ ಕಂಪನಿಗಳಲ್ಲಿ ದುಡಿದವರ ಬಳಿ ಇಲ್ಲದಿರುವುದು ಅದೇ. ಕರಡು ಬರುವವರೆಗೆ ಕಾಯದೆ ಪಿಎಫ್ ಪಾಸ್‌ಬುಕ್, ಸಂಬಳ ಬಿದ್ದ ಬ್ಯಾಂಕ್ ಸ್ಟೇಟ್‌ಮೆಂಟ್, ಫಾರಂ 16, ವರ್ಕ್ ಆರ್ಡರ್, ಬಿಲ್ಲುಗಳನ್ನು ವರ್ಷವಾರು ಒಂದು ಫೈಲಿನಲ್ಲಿ ಜೋಡಿಸಿ. ಕೈಗೆ ಕ್ಯಾಶ್ ಪಡೆದು ಕೆಲಸ ಮಾಡಿದ್ದರೆ, ಮಾಡಿಸಿಕೊಂಡವರಿಂದ ದಿನಾಂಕ, ಸ್ಥಳ, ಕೆಲಸದ ವಿವರ ಇರುವ ಪತ್ರಕ್ಕೆ ಈಗಲೇ ಸಹಿ ಹಾಕಿಸಿಕೊಳ್ಳಿ. ಕಂಪನಿ ಮುಚ್ಚಿದ ಮೇಲೆ, ಮಾಲೀಕರು ಊರು ಬಿಟ್ಟ ಮೇಲೆ ಆ ಸಹಿ ಸಿಗುವುದಿಲ್ಲ.