ಹೊಸ ಕೀರ್ತನೆಯನ್ನು ಸಭೆಗೆ ಕಲಿಸುವುದು: ಪ್ರೆಸ್ಬಿಟೇರಿಯನ್ ಕ್ವಾಯರ್‌ಗಳಿಗೆ

ಪ್ರೆಸ್ಬಿಟೇರಿಯನ್ (ಒಂದು ಪ್ರೊಟೆಸ್ಟಂಟ್ ಪಂಥ) ಆರಾಧನೆಯಲ್ಲಿ ಕೀರ್ತನೆ, ಅಂದರೆ ಬೈಬಲಿನ ಸ್ತುತಿಗೀತೆ, ಹಾಡುವುದು ಇಡೀ ಸಭೆಯ ಕೆಲಸ. ಕ್ವಾಯರ್ (ಗಾಯಕವೃಂದ) ಇರುವುದು ಅದಕ್ಕೆ ಹೆಗಲು ಕೊಡಲು. ಹಾಗಾಗಿ ನಾಲ್ಕು ದನಿಯ ಹಾರ್ಮನಿಯಿಂದ (ಬೇರೆ ಬೇರೆ ಸ್ವರಗಳನ್ನು ಒಟ್ಟಿಗೆ ಹಾಡುವುದರಿಂದ) ಶುರುಮಾಡಬೇಡಿ. ಪದ್ಯಕ್ಕೆ ಧಾಟಿ ಕೂರುತ್ತದೆಯೇ ಎಂದು ಮೊದಲು ನೋಡಿ.

ಲೆಕ್ಕ ಪದ್ಯದ ಒಂದೊಂದು ಸಾಲಿನಲ್ಲಿರುವ ಉಚ್ಚಾರಾಂಶಗಳದ್ದು. ಕಾಮನ್ ಮೀಟರ್ ಎಂದರೆ 8.6.8.6, ಲಾಂಗ್ ಮೀಟರ್ 8.8.8.8, ಶಾರ್ಟ್ ಮೀಟರ್ 6.6.8.6. 1650ರ ಸ್ಕಾಟಿಷ್ ಸಾಲ್ಟರ್‌ನ (ಕೀರ್ತನೆಗಳ ಪುಸ್ತಕದ) ಬಹುಪಾಲು ಕೀರ್ತನೆಗಳು ಕಾಮನ್ ಮೀಟರಿನವು, ಆದ್ದರಿಂದ ಒಂದರ ಧಾಟಿಯನ್ನು ಇನ್ನೊಂದಕ್ಕೆ ಹಾಕಬಹುದು. ಆದರೆ ಲೆಕ್ಕ ಕೂಡಿದ ಮಾತ್ರಕ್ಕೆ ಒತ್ತು ಕೂಡುವುದಿಲ್ಲ. ಪದದ ಬಾಲದ ಮೇಲೆ ಉದ್ದ ಸ್ವರ ಬಿದ್ದರೆ ಅರ್ಥ ಕೆಡುತ್ತದೆ. ಮೊದಲ ಪದ್ಯವಷ್ಟೇ ಅಲ್ಲ, ಹಾಡಲಿರುವ ಎಲ್ಲ ಪದ್ಯಗಳನ್ನೂ ತಾಳ ಹಾಕಿ ಓದಿ ನೋಡಿ. ಎಡವಟ್ಟು ಸಾಮಾನ್ಯವಾಗಿ ಮೂರನೆಯದರಲ್ಲೋ ನಾಲ್ಕನೆಯದರಲ್ಲೋ ಅಡಗಿರುತ್ತದೆ.

ಆಮೇಲೆ ಶ್ರುತಿ. ಮಿಡಲ್ ಸಿಯಿಂದ (ಪಿಯಾನೊದ ನಡುವಿನ ಸಿ ಸ್ವರ) ಅದರ ಮೇಲಿನ ಸ್ಥಾಯಿಯ ಡಿ ತನಕ ಸಭೆ ಆರಾಮವಾಗಿ ಹಾಡುತ್ತದೆ. ಗಂಡಸರು ಅದನ್ನೇ ಒಂದು ಸ್ಥಾಯಿ ಕೆಳಗೆ ಹಾಡುತ್ತಾರೆ. ಇ ದಾಟಿದರೆ ಹಲವರು ಬಾಯಿ ಮುಚ್ಚುತ್ತಾರೆ, ಅದು ಅವರ ತಪ್ಪಲ್ಲ.

1551ರ ಜಿನೀವಾ ಸಾಲ್ಟರ್‌ನಿಂದ ಬಂದ 'ಓಲ್ಡ್ ಹಂಡ್ರೆಡ್ತ್' ಧಾಟಿ ಅಭ್ಯಾಸಕ್ಕೆ ಒಳ್ಳೆಯದು. ಜಿ ಮೇಜರಿನಲ್ಲಿ ಅದರ ಹರವು ಡಿಯಿಂದ ಡಿಗೆ, ಸರಿಯಾಗಿ ಒಂದು ಸ್ಥಾಯಿ. ಜಿಯನ್ನು ಷಡ್ಜ ಮಾಡಿಕೊಂಡರೆ ಎರಡನೇ ಸಾಲು ಹೀಗೆ: ಗ ಗ ಗ ರಿ ಸ ಮ ಗ ರಿ. ಶ್ರುತಿ ಇಳಿಯುವುದು ಇಲ್ಲೇ, ಸತತ ಮೂರು ಗಾಂಧಾರಗಳಲ್ಲಿ. ಒಂದೇ ಸ್ವರ ಮರುಕಳಿಸಿದಾಗ ಉಸಿರಿನ ಒತ್ತಡ ಸಡಿಲವಾಗುತ್ತದೆ. ಪ್ರತಿ ಗಾಂಧಾರವೂ ಹಿಂದಿನದಕ್ಕಿಂತ ಕೂದಲೆಳೆ ಮೇಲಿದೆ ಎಂದುಕೊಂಡು ಹಾಡಲು ಹೇಳಿ. ಕೊನೆಯ ಸಾಲು (ಪ ಗ ಸ ರಿ ಮ ಗ ರಿ ಸ) ಷಡ್ಜದಿಂದ ಪಂಚಮಕ್ಕೆ ಹಾರಿ ಶುರುವಾಗುತ್ತದೆ. ಅದಕ್ಕೆ ಮುಂಚೆ ಎಲ್ಲರೂ ಪೂರ್ತಿ ಉಸಿರು ತೆಗೆದುಕೊಳ್ಳಲಿ. ಅರೆ ಉಸಿರಿನಲ್ಲಿ ಹಾರಿದವರು ಪಂಚಮವನ್ನು ಕಿರುಚುತ್ತಾರೆ, ಇಲ್ಲವೇ ಅದರ ಕೆಳಗೇ ನಿಲ್ಲುತ್ತಾರೆ.

ಹಾರ್ಮನಿ ಕಲಿಸುವಾಗ ಸೊಪ್ರಾನೊ (ಎಲ್ಲಕ್ಕಿಂತ ಮೇಲಿನ ದನಿ) ಮತ್ತು ಬಾಸ್ (ಎಲ್ಲಕ್ಕಿಂತ ಕೆಳಗಿನ ದನಿ) ಮೊದಲು, ಇಬ್ಬರೂ ಒಟ್ಟಿಗೆ. ಈ ಎರಡು ಗಟ್ಟಿಯಾದರೆ ಆಲ್ಟೊ, ಟೆನರ್ ಅವುಗಳ ನಡುವೆ ಜಾಗ ಕಂಡುಕೊಳ್ಳುತ್ತವೆ. ಟೆನರ್ ಒಬ್ಬರೇ ಇದ್ದರೆ ಬಾಸ್‌ನಿಂದ ಯಾರನ್ನೂ ಮೇಲಕ್ಕೆ ಎಳೆಯಬೇಡಿ. ಒಂದೇ ದನಿಯಲ್ಲಿ ಚೆನ್ನಾಗಿ ಹಾಡಿದ ಪದ್ಯ ಹರಿದ ಹಾರ್ಮನಿಗಿಂತ ಎಷ್ಟೋ ವಾಸಿ.

ವಾದ್ಯವಿಲ್ಲದ ಸಭೆಯಲ್ಲಿ ಶ್ರುತಿ ಕೊಡುವುದು ಪ್ರಿಸೆಂಟರ್ (ಹಾಡನ್ನು ಮುನ್ನಡೆಸುವವರ) ಕೆಲಸ. 440 ಹರ್ಟ್ಸ್ ಟ್ಯೂನಿಂಗ್ ಫೋರ್ಕ್ 'ಎ' ಸ್ವರ ಕೊಡುತ್ತದೆ. ಧಾಟಿ ಜಿಯಲ್ಲಿದ್ದರೆ ಅದನ್ನು ರಿ ಎಂದು ಹಿಡಿದು 'ರಿ ಸ' ಇಳಿಯಿರಿ. ಎಫ್ ಆದರೆ 'ಗ ರಿ ಸ'. ಡಿ ಆದರೆ 'ಪ ಗ ಸ'. ಕ್ವಾಯರಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಗುನುಗಿದರೆ ಸಾಕು.

ಸಭೆಗೆ ದಾಟಿಸಲು ಮೂರು ಭಾನುವಾರ ಇಟ್ಟುಕೊಳ್ಳಿ. ಮೊದಲನೆಯದರಲ್ಲಿ ಕ್ವಾಯರ್ ಒಂದೇ ಹಾಡಲಿ, ಎರಡನೆಯದರಲ್ಲಿ ಎಲ್ಲರೂ ಒಂದೇ ದನಿಯಲ್ಲಿ. ಹಾರ್ಮನಿ ಮೂರನೆಯದಕ್ಕೆ, ಅದೂ ನಡುವಿನ ಪದ್ಯಗಳಿಗಷ್ಟೇ. ಆರ್ಗನ್ ಇದ್ದರೆ ಮುನ್ನುಡಿಯಾಗಿ ಇಡೀ ಧಾಟಿಯನ್ನು ಹಾಡುವ ವೇಗದಲ್ಲೇ ನುಡಿಸಲಿ. ಪದ್ಯಗಳ ನಡುವಿನ ಬಿಡುವು ಪ್ರತಿ ಸಲವೂ ಅಷ್ಟೇ ಇರಲಿ, ಎರಡು ಬೀಟ್ ಎಂದರೆ ಎರಡೇ. ಒಮ್ಮೆ ಎರಡು, ಒಮ್ಮೆ ನಾಲ್ಕು ಆದರೆ ಮುಂದಿನ ಪದ್ಯದ ಮೊದಲ ಪದವನ್ನು ಅರ್ಧ ಸಭೆ ನುಂಗಿಬಿಡುತ್ತದೆ.