ಕೂತು ಏಳುವುದೂ ವ್ಯಾಯಾಮವೇ

ಬೆಳಗ್ಗೆ ವಾಕಿಂಗ್ ಮುಗಿಸಿ ಬಂದು, ಆಮೇಲೆ ಸಂಜೆವರೆಗೂ ಕುರ್ಚಿ ಬಿಡದವರು ನಮ್ಮ ಬೀದಿಯಲ್ಲೇ ಬೇಕಾದಷ್ಟು ಜನ ಇದ್ದಾರೆ. ವಾಕಿಂಗ್ ಒಳ್ಳೆಯದೇ, ಬಿಡಬೇಡಿ. ಆದರೆ ತೊಡೆಗೆ ಬಲ ಬರಲು ಅದೊಂದೇ ಸಾಲದು. ಮೊದಲೆಲ್ಲ ಊಟಕ್ಕೆ ಕೂರುವುದು, ಈಳಿಗೆಮಣೆಯಲ್ಲಿ ತರಕಾರಿ ಹೆಚ್ಚುವುದು, ಅಕ್ಕಿ ಆರಿಸುವುದು ಎಲ್ಲ ನೆಲದ ಮೇಲೇ. ದಿನಕ್ಕೆ ಎಷ್ಟು ಸಲ ಕೂತು ಏಳುತ್ತಿದ್ದೆವೋ ಲೆಕ್ಕವೇ ಇಲ್ಲ. ಈಗ ಡೈನಿಂಗ್ ಟೇಬಲ್, ಸೋಫಾ, ಕಮೋಡ್. ಮಂಡಿ ಪೂರ್ತಿ ಮಡಚುವ ಪ್ರಮೇಯವೇ ಬರುವುದಿಲ್ಲ. ವಯಸ್ಸಾದ ಮೇಲೆ ಕೈ ಊರದೆ ಏಳಲು ಆಗದಿದ್ದರೆ ಬಚ್ಚಲಲ್ಲಿ ಜಾರಿ ಬೀಳುವ ಭಯವೂ ಜಾಸ್ತಿ.

ಅದಕ್ಕೇ ಹೀಗೆ ಮಾಡಿ. ಗಟ್ಟಿಯಾದ ಮರದ ಕುರ್ಚಿಯೊಂದನ್ನು ಗೋಡೆಗೆ ಒತ್ತಿಸಿ ಇಡಿ. ಪ್ಲಾಸ್ಟಿಕ್ ಕುರ್ಚಿ ಬೇಡ, ಜಾರುತ್ತದೆ. ಅಂಚಿನ ಹತ್ತಿರ ಕೂತು ಹಿಮ್ಮಡಿ ನೆಲಕ್ಕೆ ಊರಿ, ಎರಡೂ ಕೈ ಎದೆ ಮೇಲೆ ಕಟ್ಟಿ, ಸ್ವಲ್ಪ ಮುಂದಕ್ಕೆ ಬಾಗಿ ಎದ್ದು ನಿಲ್ಲಿ. ಕೂರುವಾಗ ಧಡ್ ಅಂತ ಬೀಳಬೇಡಿ, ನಿಧಾನಕ್ಕೆ ಇಳಿಯಿರಿ. ನಿಧಾನಕ್ಕೆ ಇಳಿಯುವಾಗಲೂ ತೊಡೆಗೆ ಒಳ್ಳೆಯ ಕೆಲಸ ಸಿಗುತ್ತದೆ. ಎಂಟು ಹತ್ತು ಸಲ ಮಾಡಿ, ಸುಧಾರಿಸಿಕೊಂಡು ಇನ್ನೊಂದು ಸುತ್ತು. ಕುಕ್ಕರ್ ಮೂರು ವಿಷಲ್ ಕೂಗುವಷ್ಟರಲ್ಲಿ ಮುಗಿಯುತ್ತದೆ. ಮೊದಮೊದಲು ಆಗದವರು ಕುರ್ಚಿಯ ಕೈ ಹಿಡಿದುಕೊಳ್ಳಿ, ನಾಚಿಕೆ ಏನೂ ಬೇಡ. ಮಂಡಿ ಊದಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ. ಇನ್ನು ಹಾಲು ಉಕ್ಕುವುದನ್ನು ಕಾಯುತ್ತಾ ಸುಮ್ನೆ ನಿಂತಿರುತ್ತೀರಲ್ಲ, ಆಗ ಅಡುಗೆ ಕಟ್ಟೆ ಹಿಡಿದು ತುದಿಗಾಲಲ್ಲಿ ನಿಂತು ಇಳಿಯಿರಿ.

ದೊಡ್ಡವರು ವಾರಕ್ಕೆ 150 ನಿಮಿಷವಾದರೂ ಬಿರುಸು ನಡಿಗೆಯಂಥ ವ್ಯಾಯಾಮ ಮಾಡಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಐದು ದಿನ ಅರ್ಧರ್ಧ ಗಂಟೆ. ಬಿರುಸು ಅಂದರೆ ಮಾತಾಡಲು ಆಗಬೇಕು, ಹಾಡಲು ಉಸಿರು ಸಾಲಬಾರದು. ಮೊಬೈಲ್ ನೋಡುತ್ತಾ ಕಾಲೆಳೆದುಕೊಂಡು ಹೋಗುವುದು ಲೆಕ್ಕಕ್ಕಿಲ್ಲ! ಶುಗರ್ ಇರುವವರು ಊಟವಾದ ಮೇಲೆ ಹತ್ತು ನಿಮಿಷ ಓಡಾಡಿದರೆ ತುಂಬಾ ಒಳ್ಳೆಯದು. ಇನ್ಸುಲಿನ್ ತಗೊಳ್ಳುವವರ ಜೇಬಲ್ಲಿ ಒಂದಿಷ್ಟು ಸಕ್ಕರೆಯೋ ಗ್ಲೂಕೋಸೋ ಇರಲಿ. ನಡೆಯುವಾಗ ಎದೆ ಹಿಡಿದಂತಾದರೆ ಗ್ಯಾಸ್ ಅಂತ ಸೋಡಾ ಕುಡಿದು ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

ಮಕ್ಕಳಿಗೆ ವ್ಯಾಯಾಮ ಅಂತ ಹೇಳಲೇಬೇಡಿ, ಮುಖ ಸಿಂಡರಿಸುತ್ತವೆ. ಅವರಿಗೆ ಬೇಕಾಗಿರುವುದು ದಿನಕ್ಕೆ ಒಂದು ಗಂಟೆ ಬೆವರು ಬರುವಂಥ ಆಟ. ಅಂಗಳವೇ ಬೇಕೆಂದಿಲ್ಲ, ಅಪಾರ್ಟ್‌ಮೆಂಟಿನ ತಾರಸಿಯಲ್ಲೂ ಸೀಮೆಸುಣ್ಣದಲ್ಲಿ ಕುಂಟೆಬಿಲ್ಲೆ ಮನೆ ಬರೆಯಬಹುದು, ಸುತ್ತ ಎತ್ತರದ ಗೋಡೆ ಇದ್ದರೆ ಸಾಕು. ಒಂಟಿಕಾಲಲ್ಲಿ ಕುಪ್ಪಳಿಸಿದರೆ ಮೂಳೆಗೂ ಬಲ, ಬೀಳದಂತೆ ಮೈ ಸಮತೋಲನ ಹಿಡಿಯುವುದನ್ನೂ ಕಲಿಯುತ್ತವೆ. ಲಗೋರಿ, ಹಗ್ಗದಾಟ, ಯಾವುದಾದರೂ ಸರಿ. ಆದಷ್ಟು ಬೆಳಕಿರುವಾಗಲೇ ಹೊರಗೆ ಬಿಡಿ. ಹಗಲು ಬೆಳಕಲ್ಲಿ ಆಡುವ ಮಕ್ಕಳಿಗೆ ದೂರದ್ದು ಮಂಜಾಗಿ ಕಾಣುವ ತೊಂದರೆ ಬರುವುದು ಕಮ್ಮಿ.

ಆಡಿ ಬಂದ ತಕ್ಷಣ ಬಿಸ್ಕತ್ ಪೊಟ್ಟಣ ಕೈಗೆ ಕೊಡಬೇಡಿ. ಹುರಿದ ಕಡಲೆಕಾಯಿ, ಬಾಳೆಹಣ್ಣು, ಒಂದು ಲೋಟ ಮಜ್ಜಿಗೆ ಸಾಕು. ಚೆನ್ನಾಗಿ ಆಡಿದ ಮಗು ಒಂಬತ್ತಕ್ಕೇ ತೂಕಡಿಸುತ್ತದೆ. ಹೋಂವರ್ಕ್ ಉಳಿದಿದೆ ಅಂತ ಎಬ್ಬಿಸಬೇಡಿ. 6ರಿಂದ 12 ವರ್ಷದವರಿಗೆ 9 ಗಂಟೆಯಾದರೂ ನಿದ್ದೆ ಬೇಕು. ಉಳಿದ ಲೆಕ್ಕ ಬೆಳಗ್ಗೆ ಎದ್ದು ಮಾಡಿಕೊಳ್ಳಲಿ.